ಏಣಿಯ ಬುಡದ ಚಪ್ಪಲಿ

ಹೊನ್ನವಳ್ಳಿ
೨೪ ನವೆಂಬರ್ ೨೦೨೪, ಭಾನುವಾರ

ಮಗಳಂಥ ಕೃತಿಕಾಳಿಗೆ, ನಿನ್ನ ಏಕಾಂತಯ್ಯ ಮೇಷ್ಟ್ರು ಮನಸಾರೆ ಮಾಡುವ ಆಶೀರ್ವಾದ.

ನೀನು ಚಿಕ್ಕನಾಯಕನಹಳ್ಳಿಯಲ್ಲಿ ನಿನ್ನ ಚಿಕ್ಕಮ್ಮನ ಮನೆಯಲ್ಲಿರುವೆ ಎಂಬುದಷ್ಟೇ ತಿಳಿಯಿತು. ಫೋನ್ ಎತ್ತುತ್ತಿಲ್ಲ. ಹಾಗಾಗಿ ಬಹಳ ಕಾಲದ ಮೇಲೆ ಕಾಗದ ಬರೆಯಲು ಕುಳಿತಿದ್ದೇನೆ. ಬೆಂಕಿ ಆರಿಸಲು ನಾನು ತರಬೇತಿ ಕೊಡುವ ನಮ್ಮ ನೆರವು ಪಡೆಗೆ ನೀನು ಹಿಂತಿರುಗಿಸಿದ ಚೀಲ ನನ್ನ ಮುಂದೆಯೇ ಇದೆ: ಹೆಲ್ಮೆಟ್ಟು, ಹಗ್ಗ, ಕೈಗವಸು, ಜೊತೆಗೆ ಇನ್ನು ನಾನು ಬರುವುದಿಲ್ಲ ಮೇಷ್ಟ್ರೇ ಎಂಬ ಒಂದು ಸಾಲು. ಆದರೆ ಕೈಗವಸಿನ ಮಸಿಯನ್ನು ಉಜ್ಜಿ ಒಗೆದು ಒಣಗಿಸಿದ್ದೀಯೆ. ಹಗ್ಗವನ್ನು ನಾನು ಕಲಿಸಿದಂತೆಯೇ ಸಿಕ್ಕಾಗದ ಹಾಗೆ ಸುತ್ತಿದ್ದೀಯೆ. ಮನಸ್ಸಿನಿಂದಲೇ ಬಿಟ್ಟವರು ಹಗ್ಗವನ್ನು ಹೀಗೆ ಸುತ್ತುವುದಿಲ್ಲ. ಆ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ. ಬರೆಯುವುದು ತಡವಾಯಿತು. ಅದಕ್ಕೊಂದು ಕಾರಣವಿದೆ, ಕೊನೆಯ ಹೊತ್ತಿಗೆ ಧೈರ್ಯ ಬಂದರೆ ಹೇಳುತ್ತೇನೆ.

ಬೆಂಕಿ ಬಿದ್ದ ಆ ಮಧ್ಯಾಹ್ನ ನಾನು ತುಮಕೂರಿನಲ್ಲಿದ್ದೆ. ಅಪಾಯದ ಹೊತ್ತಿನಲ್ಲಿ ಯಾರು ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾವ ತಾಲ್ಲೂಕಿನ ತಂಡ ಯಾರ ನೆರವಿಗೆ ಹೋಗಬೇಕು ಎಂದು ತೀರ್ಮಾನಿಸುವ ಸಭೆ ಅದು. ಬೆಳಗಿನಿಂದ ಊಟದ ಹೊತ್ತಿನವರೆಗೆ ಅಲ್ಲಿ ಚರ್ಚೆಯಾದದ್ದು ವಾಟ್ಸಾಪ್ ಗುಂಪಿಗೆ ಏನು ಹೆಸರಿಡುವುದು, ತಿಪಟೂರು ಮೊದಲೋ ತುರುವೇಕೆರೆ ಮೊದಲೋ, ಅಡ್ಮಿನ್ ಯಾರಾಗಬೇಕು ಎಂಬುದು. ನಿನ್ನ ಕರೆ ಬಂದಾಗ ನಾನು ಎದ್ದು ನಿಂತೆ. ವೇದಿಕೆಯ ಮೇಲಿದ್ದವರೊಬ್ಬರು ಮೈಕಿನಲ್ಲೇ, "ಏನ್ರೀ ಏಕಾಂತಯ್ಯ, ಫೈರ್ ಸ್ಟೇಷನ್ ಬುಟ್ರೂ ಬೆಂಕಿ ನಿಮ್ಮನ್ನ ಬುಡ್ಲಿಲ್ವಲ್ರೀ" ಎಂದರು. ಎಲ್ಲರೂ ನಕ್ಕರು. ನಾನು ಸಾಲು ಕುರ್ಚಿಗಳನ್ನು ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಕರೆ ಕಡಿದಿತ್ತು. ಆ ನಗು ನನ್ನ ಕಿವಿಯೊಳಗೆ ಕೀವಿನಂತೆ ಕೂತಿದೆ, ಮಗಳೇ. ತೊಳೆದಷ್ಟೂ ನಾರುತ್ತದೆ.

ಉಳಿದದ್ದನ್ನು ಅಲ್ಲಿದ್ದವರಿಂದ ಕೇಳಿ ತಿಳಿದೆ. ತಪ್ಪಿದ್ದರೆ ನೀನು ತಿದ್ದು. ಜಡಿಮಳೆ ಹಿಡಿದು ಕೊಬ್ಬರಿಗೆ ಶೀತ ತಗುಲೀತೆಂದು ಬಸವರಾಜು ಅವರು ತಮ್ಮ ತೋಟದ ಮನೆಯಲ್ಲಿ ಅಟ್ಟದ ಕೆಳಗೆ, ಕಾಯಿ ಸುಲಿದ ಮಟ್ಟೆಯಿಂದ ಹೊಗೆ ಹಾಕಿಸಿದ್ದರು. ಹೊಗೆ ಉರಿಯಾಯಿತು, ಉರಿ ಪಕ್ಕದ ಮಟ್ಟೆಯ ರಾಶಿಗೆ ಹಬ್ಬಿತು. ಪೇಟೆಯಿಂದ ಅಗ್ನಿಶಾಮಕ ವಾಹನ ಬರುವುದಕ್ಕೆ ಮುಂಚೆಯೇ ನೀನೂ ನಮ್ಮ ಪಡೆಯ ದಯಾನಂದನೂ ಟ್ರ್ಯಾಕ್ಟರಿನ ನೀರಿನ ಟ್ಯಾಂಕರ್ ಸಮೇತ ತಲುಪಿದಿರಿ. ನೀನು ಪೈಪಿನ ಮೂತಿ ಹಿಡಿದೆ, ಅವನು ವಾಲ್ವ್ ತಿರುಗಿಸಿದ. ಆಗ ಬಸವರಾಜು ಎರಡೂ ಕೈ ಚಾಚಿ ಅಡ್ಡ ನಿಂತರಂತೆ.

"ನಿಲ್ಸಲಾ ನೀರ! ವರ್ಷದ ಕೊಬ್ಬರಿ ಕಣ್ಲಾ ಮೇಲಿರಾದು. ನೀರು ಬಿದ್ರೆ ಬೂಸ್ಟು ಹಿಡ್ದು ಹೋಯ್ತದೆ. ಮಣ್ಣು ಎರಚ್ರಲಾ, ಮಣ್ಣು!"

ಸುತ್ತ ನಿಂತ ಗಂಡಸರು ಹೌದು ಹೌದು ಎಂದರು. ಅಟ್ಟದ ಕೊಬ್ಬರಿಗೆ ನೀರು ಸೋಕಿಸಬಾರದೆಂಬುದು ನಮ್ಮ ಸೀಮೆಯ ಮನೆಮನೆಯ ಶಿಸ್ತು. ಸೂರು ಸೋರುವಾಗ ಅದು ಒಳ್ಳೆಯ ಶಿಸ್ತು. ಸೂರೇ ಹೊತ್ತಿಕೊಂಡಾಗ ಅದು ಬುದ್ಧಿಗೇಡಿತನ. ದಯಾನಂದ ಹಿರಿಯರ ಮಾತಿಗೆ ಅಂಜಿ ವಾಲ್ವ್ ಮುಚ್ಚಿಬಿಟ್ಟ.

ಮೇಲೆ ಯಾರಾದರೂ ಇದ್ದಾರೆಯೇ ಎಂದು ನೀನು ಕೇಳಿದೆಯಂತೆ. "ಯಾರೂ ಇಲ್ಲ ಕಣಮ್ಮ, ಎಲ್ಲ ಉಣ್ಣಾಕೆ ಹೋಗವ್ರೆ" ಎಂದರಂತೆ ಬಸವರಾಜು. ಹೋಗಿ ನೋಡದೆ ಆಡಿದ ಮಾತು. ಆಗ ನಿನ್ನ ಕಣ್ಣಿಗೆ ಬಿದ್ದದ್ದು ಹೊರಗೋಡೆಯ ಏಣಿಯ ಬುಡದಲ್ಲಿದ್ದ ಒಂದು ಜೊತೆ ಹವಾಯಿ ಚಪ್ಪಲಿ. ಕೊಬ್ಬರಿ ಅಟ್ಟವೆಂದರೆ ನಮ್ಮಲ್ಲಿ ಲಕ್ಷ್ಮಿಯ ಜಾಗ. ಯಾರೂ ಚಪ್ಪಲಿ ಮೆಟ್ಟಿ ಹತ್ತುವುದಿಲ್ಲ. ಏಣಿಯ ಬುಡದಲ್ಲಿ ಬಿಡುತ್ತಾರೆ, ಇಳಿದ ಮೇಲೆ ಮೆಟ್ಟಿಕೊಂಡು ಹೋಗುತ್ತಾರೆ. ಅಲ್ಲಿದ್ದ ಪ್ರತಿಯೊಬ್ಬನೂ ಬಾಲ್ಯದಿಂದ ಬಲ್ಲ ಸಂಗತಿ ಇದು. ಚಪ್ಪಲಿ ಪ್ರತಿಯೊಬ್ಬನಿಗೂ ಕಾಣುತ್ತಿತ್ತು. ಆದರೂ ಒಬ್ಬ, "ಅವು ಯಾವ್ವೋ ಹಳೇವು ಬುಡಮ್ಮ" ಎಂದ. ಉಳಿದವರು ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಿದ್ದರು. ನನಗೆ ನೀನು ಕರೆ ಮಾಡಿದ್ದು ಆ ಗಳಿಗೆಯಲ್ಲಿ.

ಕೃತಿಕಾ, ನನ್ನ ಆಯುಷ್ಯದ ಬಹುಭಾಗ ಬೆಂಕಿಯ ಕೆಲಸದಲ್ಲಿ ಸವೆದಿದೆ. ಸುಟ್ಟ ದನಗಳನ್ನು ಕೊಟ್ಟಿಗೆಯಿಂದ ಎಳೆದಿದ್ದೇನೆ, ಬಾವಿಯಲ್ಲಿ ಊದಿದ ಹೆಣಗಳನ್ನು ಎತ್ತಿದ್ದೇನೆ. ಯಾವುದಕ್ಕೂ ಇಷ್ಟು ಹೇಸಿದವನಲ್ಲ.

ನಾನು ಸಿಗದಿದ್ದಾಗ ನೀನು ಮಾಡಿದ್ದನ್ನು ದಯಾನಂದನೇ ಹೇಳಿದ. ವಾಲ್ವನ್ನು ನೀನೇ ತಿರುಗಿಸಿ, ಪೈಪನ್ನು ಅವನ ಕೈಗೆ ತುರುಕಿ, "ಈಗೇನಾದ್ರೂ ನಿಲ್ಸಿದ್ರೆ ಮೇಲಿಂದ ಒಂದೊಂದೇ ಕಾಯಿ ನಿನ್ನ ತಲೆ ಮೇಲೆ ಉರುಳಿಸ್ತೀನಿ ಕಣೋ" ಎಂದೆಯಂತೆ. ಟವೆಲ್ ನೆನೆಸಿ ಮುಖಕ್ಕೆ ಸುತ್ತಿಕೊಂಡು ಹತ್ತಿದೆ. ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ಕಾಯಿ ಅಲ್ಲಾಡಿಸಿ ನೋಡಲು ಕೂಲಿಗೆ ಬಂದಿದ್ದ ಭೈರಮ್ಮ ಅಲ್ಲಿ ಕಾಯಿಗಳ ನಡುವೆ ಬಿದ್ದಿದ್ದಳು. ಅವಳನ್ನು ಹಗ್ಗಕ್ಕೆ ಬಿಗಿದು ಇಳಿಸಿದವಳು ನೀನು. ಇನ್ನೊಬ್ಬರ ಕೈಗೆ ನಿನ್ನ ಹಗ್ಗ ಕೊಡದೆ ಹೊಗೆಯೊಳಗೆ ನುಗ್ಗಿದ್ದಕ್ಕೆ ನಿನ್ನನ್ನು ಎದುರಿಗೆ ನಿಲ್ಲಿಸಿ ಚೆನ್ನಾಗಿ ಬೈಯಬೇಕಾಗಿದೆ. ಅದಕ್ಕಾದರೂ ನೀನು ಬರಬೇಕು.

ಇನ್ನು ಕೊಳಕಿನ ಮಾತಿಗೆ ಬರುತ್ತೇನೆ. ಬೆಂಕಿಯ ಬಗ್ಗೆ ನಡೆಯುತ್ತಿರುವ ವಿಚಾರಣೆಗೆ ಊರಿನವರು ಸೇರಿ ಕೊಟ್ಟ ವರದಿಯನ್ನು ಓದಿದೆ. ಪೈಪು ಹಿಡಿದ ಹುಡುಗಿಗೆ ನಿಭಾಯಿಸಲಾಗದೆ ತಡವಾಯಿತು, ಹಿರಿಯರು ಮುಂದೆ ನಿಂತು ಮಹಿಳೆಯನ್ನು ಕಾಪಾಡಿಸಿದರು, ಇನ್ನು ಮುಂದೆ ಪಡೆಗೆ ಹೆಣ್ಣುಮಕ್ಕಳನ್ನು ಸೇರಿಸಬಾರದು ಎಂದಿದೆ. ಏಣಿಯ ಬುಡದಲ್ಲಿ ಚಪ್ಪಲಿಯೇ ಇರಲಿಲ್ಲವಂತೆ. ಅಷ್ಟು ವಿಡಿಯೊ ಮಾಡಿದವರಲ್ಲಿ ಒಬ್ಬನ ಫೋನಿನಲ್ಲೂ ಈಗ ಅದು ಸಿಗುತ್ತಿಲ್ಲ. ಅದೇ ಜನ ನಿನಗೊಂದು ಸನ್ಮಾನವನ್ನೂ ಗೊತ್ತುಮಾಡಿದ್ದಾರೆ. ಬಂದು ಹಾರ ಹಾಕಿಸಿಕೊಂಡು ಸುಮ್ಮನಿದ್ದರೆ ನೀನು ಊರಿನ ಹೆಮ್ಮೆಯ ಮಗಳು. ಬಾಯಿ ಬಿಟ್ಟರೆ ಪೈಪು ಹಿಡಿಯಲು ಬಾರದವಳು. ಒಂದೇ ಬಾಯಲ್ಲಿ ಎರಡನ್ನೂ ಹೇಳಲು ಇವರಿಗೆ ನಾಚಿಕೆಯಿಲ್ಲ. ಆ ಹಾರವನ್ನು ಮೂಸಿದರೆ ಮಟ್ಟೆ ಹೊಗೆಯ ವಾಸನೆ ಬಂದೀತು.

ನೀನು ಚೀಲ ವಾಪಸು ಕಳಿಸಿದ್ದು ಈ ಅಸಹ್ಯಕ್ಕೆ ಎಂದು ಮೊದಲು ಭಾವಿಸಿದ್ದೆ. ದಯಾನಂದ ಹೇಳಿದ ಮೇಲೆ ನಿಜ ತಿಳಿಯಿತು. ವಾಲ್ವ್ ಮುಚ್ಚಿದ ಮೇಲೆ ನೀನು ಬರಿಯ ಪೈಪು ಹಿಡಿದು ನಿಂತೆಯಲ್ಲ, ಆ ಹೊತ್ತಿನಲ್ಲೇ ಭೈರಮ್ಮನ ಕೈಗಳು ಬೆಂದವೆಂದು ನಿನ್ನನ್ನು ನೀನೇ ಹಳಿದುಕೊಳ್ಳುತ್ತಿದ್ದೀಯೆ. ಆ ಹೊತ್ತು ನಿನ್ನದಲ್ಲ ಮಗಳೇ. ಅದನ್ನು ನಿನ್ನಿಂದ ಕಿತ್ತುಕೊಂಡವರಿದ್ದಾರೆ. ಅವರು ನೆಮ್ಮದಿಯಾಗಿ ಉಂಡು ಮಲಗುತ್ತಿರುವಾಗ ಅವರ ಪಾಲಿನದನ್ನು ನೀನೇಕೆ ಹೊರುತ್ತೀಯೆ?

ನಿನ್ನೆ ತಿಪಟೂರಿಗೆ ಹೋಗಿ ವಿಚಾರಣೆಯ ಅಧಿಕಾರಿಯ ಮುಂದೆ ನನ್ನ ಹೇಳಿಕೆ ಕೊಟ್ಟೆ. ಯುವಕ, ರಜೆಯ ಶನಿವಾರವೂ ಕುಳಿತು ಕಿವಿಗೊಟ್ಟು ಕೇಳುವವನು. ಆದರೆ ಕಣ್ಣಾರೆ ಕಂಡವನು ನಾನಲ್ಲ. ಮಂಗಳವಾರ ಬೆಳಿಗ್ಗೆ ಅಲ್ಲೇ ಕಂಡವರ ಮಾತು ಕೇಳುತ್ತಾರೆ. ನೀನು ಬಾರದಿದ್ದರೆ ಆ ವರದಿಯೇ ಸತ್ಯವಾಗಿ ನಿಲ್ಲುತ್ತದೆ, ಪಡೆಯಲ್ಲಿರುವ ಉಳಿದ ಹೆಣ್ಣುಮಕ್ಕಳ ಕೈಯಿಂದಲೂ ಪೈಪು ಕಸಿಯುತ್ತಾರೆ. ನಿನ್ನನ್ನು ನೋಡಿ ಸೇರಿದ ಮಕ್ಕಳು ಅವರು.

ಭೈರಮ್ಮನನ್ನು ಆಸ್ಪತ್ರೆಯಲ್ಲಿ ಕಂಡೆ. ಜೀವಕ್ಕೆ ಭಯವಿಲ್ಲ. ಕೈಗೆ ಇನ್ನೂ ಬಟ್ಟೆ ಸುತ್ತಿದ್ದಾರೆ, ಗಂಟಲು ಹೊಗೆಗೆ ಒಡೆದಿದೆ. "ಆ ಮಗಾ ಎಲ್ಲಿ?" ಎಂದಳು. ಬರುತ್ತಾಳೆ ಎಂದೆ. ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬೇಡ.

ಈ ಕಾಗದವನ್ನು ದಯಾನಂದನ ಕೈಯಲ್ಲೇ ಕಳಿಸುತ್ತಿದ್ದೇನೆ. ವಾಲ್ವ್ ಮುಚ್ಚಿದವನು ತಾನೇ ಎಂದೂ ಮುಚ್ಚಿಸಿದವರು ಯಾರೆಂದೂ ಮಂಗಳವಾರ ಹೇಳಲು ಅವನು ಒಪ್ಪಿದ್ದಾನೆ. ಬಾಗಿಲಲ್ಲೇ ನಿಲ್ಲಿಸಿ ಮನಸ್ಸು ತಣಿಯುವಷ್ಟು ಬೈಯಿ. ಆಮೇಲೆ ಒಂದು ಲೋಟ ಕಾಫಿ ಕೊಡು. ಪಾಪ, ಬೈಸಿಕೊಳ್ಳಲೆಂದೇ ಸಿದ್ಧನಾಗಿ ಬರುತ್ತಿದ್ದಾನೆ. ನಿನ್ನ ಹೆಲ್ಮೆಟ್ಟನ್ನು ನಾನು ಒಳಗೆ ಎತ್ತಿಡಲಿಲ್ಲ. ಈಗಷ್ಟೇ ಎದ್ದು ನಿನ್ನ ಮೊಳೆಗೇ ನೇತುಹಾಕಿ ಬಂದೆ.

ನಿನ್ನ ಒಳಿತನ್ನೇ ಬಯಸುವ,
ಏಕಾಂತಯ್ಯ

ಮತ್ತೊಂದು ಮಾತು. ಇದು ಮರೆತದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು. ಬಸವರಾಜು ನನ್ನ ಹೆಂಡತಿ ಗಿರಿಜಾಂಬಿಕಾಳ ಒಡಹುಟ್ಟಿದ ತಮ್ಮ. ಆ ಅಟ್ಟ ಅವಳ ತವರಿನ ಅಟ್ಟ. ಅವಳಿಗೆ ಹೇಗೆ ಹೇಳಲಿ ಎಂದು ಒದ್ದಾಡಿ ಇಷ್ಟು ದಿನ ಕಳೆದೆ. ಕೊನೆಗೆ ಮೊನ್ನೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಆ ಚಪ್ಪಲಿ ಏನಾದ್ವು?" ಎಂದಷ್ಟೇ ಅಂದಳು. ನಿನ್ನೆ ಮೊದಲ ಬಸ್ಸಿಗೆ ತವರಿಗೆ ಹೋಗಿ, ಕೊಟ್ಟಿಗೆಯ ಹಿಂದಿನ ತಿಪ್ಪೆಗುಂಡಿಯನ್ನು ಕೋಲಿನಿಂದ ಕೆದಕಿ ಎರಡನ್ನೂ ಹುಡುಕಿದಳಂತೆ. "ಅಕ್ಕಾ, ಮನೆ ಮರ್ಯಾದೆ ಹೋಯ್ತದೆ ಕಣಕ್ಕಾ" ಎಂದು ಅವನು ಕೈ ಹಿಡಿದನಂತೆ. "ಅದನ್ನ ತಿಪ್ಪೆಗೆ ಎಸ್ದೋನು ನೀನು ಕಣ್ಲಾ. ನಾನು ಎತ್ಕೊಂಡು ಹೋಯ್ತಾ ಇವ್ನಿ, ಬುಡು ಕೈಯ" ಎಂದು ಬಂದಳಂತೆ. ನಾನು ಹೇಳಿಕೆ ಕೊಡುತ್ತಿದ್ದಾಗಲೇ ಒಳಗೆ ಬಂದು, ಅವನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟಳು. ವಿಚಾರಣೆ ಮುಗಿದ ಮೇಲೆ ಚಪ್ಪಲಿಯನ್ನು ಭೈರಮ್ಮನಿಗೆ ತಲುಪಿಸಬೇಕು. ಅದನ್ನು ಕೃತಿಕಾಳೇ ಕೊಂಡೊಯ್ಯಬೇಕೆಂದು ಗಿರಿಜಾಂಬಿಕಾ ಹೇಳಿದ್ದಾಳೆ. ಅವಳ ಮಾತು ಮೀರುವ ಧೈರ್ಯ ನನಗಂತೂ ಇಲ್ಲ.