ಅಕ್ಬರನ ಲಾರಿಯ ಸೀಟಿ

ಗಿಣಿಗೇರಾ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮಗಳು ರಂಜಿತಾಳಿಗೆ,

ನಿನ್ನ ಅಪ್ಪ ಯಂಕೋಬನ ಆಶೀರ್ವಾದ. ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ. ನಿನ್ನ ಅವ್ವ ಕ್ಷೇಮವಾಗಿದ್ದಾಳೆ, ನನ್ನ ಸುದ್ದಿ ಮುಂದೆ ಓದು. ಕಾಗದ ತಡವಾಯಿತೆಂದು ಸಿಟ್ಟಾಗಬೇಡ. ಈಗಿರುವ ಸಿಟ್ಟೇ ಸಾಕಷ್ಟಿದೆ ಎಂದು ಗೊತ್ತು.

ಹೊಟ್ಟೆಯ ಕೂಸು ಉಳಿಯಲಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ‘ಛಲೋ ಆತು ಬಿಡವಾ’ ಅಂದೆ. ಅಂದದ್ದು ನಿಜ. ಅವತ್ತಿನಿಂದ ನೀನು ಮಾತು ಬಿಟ್ಟು ಐವತ್ತು ದಿನ. ನಿನ್ನ ಅವ್ವ ತಟ್ಟೆ ಕುಕ್ಕಿ ಕೇಳುತ್ತಾಳೆ, ‘ಹೆತ್ತ ಅಪ್ಪ ಆಡೋ ಮಾತೇನ್ರಿ ಅದು? ನಿಮಗ ಕರಳು ಐತೋ ಇಲ್ಲೋ?’ ನಾನು ರೊಟ್ಟಿ ಮುರಿಯುತ್ತಾ ಕೂರುತ್ತೇನೆ. ಎರಡು ಸಲ ಕೊಪ್ಪಳಕ್ಕೆ ಹೋಗಿ ನಿಮ್ಮೂರು ಕುಷ್ಟಗಿಯ ಬಸ್ಸು ಹತ್ತಿ ಕುಳಿತೆ, ಎರಡು ಸಲವೂ ಬಸ್ಸು ಬಿಡುವ ಮೊದಲೇ ಇಳಿದುಬಿಟ್ಟೆ. ಉತ್ತರ ಇಲ್ಲದೆ ಇಲ್ಲ. ಆದರೆ ಬರೆಯಲು ಕೂತರೆ ಕೈ ಲಾರಿಯ ಸುದ್ದಿಗೇ ಓಡುತ್ತದೆ. ಓಡಲಿ, ಅದನ್ನೇ ಮೊದಲು ಬರೆಯುತ್ತೇನೆ.

ಅಕ್ಬರನ ಹಳೆಯ ಲಾರಿ ನಿನಗೆ ನೆನಪಿದೆಯಲ್ಲ, ನಿನಗಿಂತ ಎರಡು ವರ್ಷ ದೊಡ್ಡದು. ಇರಕಲ್ಲಗಡದಿಂದ ಕಲ್ಲು ಹೇರಿಕೊಂಡು ಬರುವಾಗ ಏರಿನಲ್ಲಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ನನ್ನ ರಿಪೇರಿ ಶೆಡ್ಡಿಗೆ ಬಂದು, ಗುಜರಿಗೆ ಹಾಕುತ್ತೇನೆ ಅಂದ. ನಾನು, ‘ತಡಿಯೋ, ಇದಕ ಟರ್ಬೊ ಕೂಡಸ್ತೀನಿ’ ಅಂದೆ. ಆ ಇಂಜಿನ್ನಿಗೆ ಕಂಪನಿಯವರೇ ಟರ್ಬೊ ಕೊಟ್ಟಿರಲಿಲ್ಲ. ಯಾರು ಬೇಡ ಅಂದರೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ನಿನಗೆ ಗೊತ್ತಿದ್ದದ್ದೇ. ಐವತ್ತು ದಿನ ಮನೆಯಲ್ಲಿ ನಿನ್ನ ಅವ್ವನ ಮುಖ ನೋಡಿಕೊಂಡು ಕೂರುವುದೂ ನನ್ನಿಂದ ಆಗುತ್ತಿರಲಿಲ್ಲ.

ಟರ್ಬೊ ಅಂದರೆ ಇಷ್ಟೇ. ಹೊಗೆ ಹೋಗುವ ದಾರಿಯಲ್ಲಿ ಒಂದು ಚಕ್ರ, ಗಾಳಿ ಬರುವ ದಾರಿಯಲ್ಲಿ ಇನ್ನೊಂದು, ಎರಡಕ್ಕೂ ಒಂದೇ ದಂಡ. ಹೋಗುವ ಹೊಗೆ ಆ ಚಕ್ರ ತಿರುಗಿಸಿದರೆ ಈ ಚಕ್ರ ಕಮ್ಮಾರನ ತಿದಿಯ ಹಾಗೆ ಗಾಳಿಯನ್ನು ಒಳಗೆ ಒತ್ತುತ್ತದೆ. ಗುಜರಿಯಲ್ಲಿ ಮಣ್ಣು ಅಗೆಯುವ ಯಂತ್ರದ ಟರ್ಬೊ ಒಂದು ಸಿಕ್ಕಿತು. ಹೊಗೆ ಪೈಪನ್ನು ಕತ್ತರಿಸಿ, ದಪ್ಪ ತಗಡಿನ ಪಟ್ಟಿ ವೆಲ್ಡ್ ಮಾಡಿ ಕೂಡಿಸಿದೆ. ದಂಡಕ್ಕೆ ಆಯಿಲ್ ಹೋಗಲು ಸಣ್ಣ ಪೈಪು ಎಳೆದೆ. ಅಲ್ಲೇ ತಪ್ಪಿದ್ದು. ಜಾಯಿಂಟು ಸೋರಬಾರದೆಂದು ಪೇಸ್ಟನ್ನು ಕೈ ಬಿಚ್ಚಿ ಬಳಿದೆ, ಅದು ಒಳಗೆ ಹೋಗಿ ಪೈಪಿನ ಬಾಯಿ ಮುಚ್ಚಿತು.

ಚಾಲೂ ಮಾಡಿ ನಾನೇ ರೇಸ್ ಕೊಟ್ಟೆ. ಆಯಿಲ್ ಇಲ್ಲದ ದಂಡ ಚೀರಿತು. ಶೆಡ್ಡಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡು ರಸ್ತೆಗೆ ಓಡಿದರು. ನಾನು ಮಾತ್ರ ಟರ್ಬೊ ಪಕ್ಕದಲ್ಲೇ ನಿಂತು ರೇಸ್ ಏರಿಸುತ್ತಲೇ ಇದ್ದೆ. ಅಕ್ಬರ ತಿರುಗಿ ಓಡಿಬಂದು ಕ್ಯಾಬಿನ್ನಿಗೆ ಹಾರಿ ಇಂಜಿನ್ ಬಂದ್ ಮಾಡಿದ. ಇನ್ನೊಂದು ಗಳಿಗೆ ಕಳೆದಿದ್ದರೆ ಚಕ್ರ ಒಡೆದು ಎದೆಗೆ ಬಡಿಯುತ್ತಿತ್ತಂತೆ. ‘ಯಂಕೋಬಣ್ಣ, ನಾವೆಲ್ಲಾ ಓಡಿದ್ವಿ, ನೀ ಗುಡ್ಡ ನಿಂತಂಗ ನಿಂತೆಲ್ಲ! ಎಂಥಾ ಗುಂಡಿಗಿ ಮಾರಾಯಾ!’ ಅಂದ. ಈಗ ಚಹಾದಂಗಡಿಯಲ್ಲೆಲ್ಲ ಅದೇ ಮಾತು. ನಾನು ನಕ್ಕು ಚಹಾ ಕುಡಿಯುತ್ತೇನೆ.

ಬೇರೆ ದಂಡ ತಂದು ಹಾಕಿದೆ, ಪೈಪು ಊದಿ ಊದಿ ನೋಡಿದೆ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದರ ನಡುಕ ಪರೀಕ್ಷೆ ಮಾಡಿದೆ. ನೀನು ಸಣ್ಣವಳಿದ್ದಾಗ ಅದೇ ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ‘ಅಪ್ಪಾ, ಇದರಾಗ ಯಾರೋ ಬಾಗಲಾ ಬಡಿಯಾಕತ್ತಾರ’ ಅಂದಿದ್ದೆ. ಬಿಚ್ಚಿ ನೋಡಿದರೆ ವಾಲ್ವು ಸಡಿಲಾಗಿತ್ತು! ಯಂಕೋಬನ ಕಿವಿ ಮಗಳಿಗೆ ಬಂದಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಮೊನ್ನೆ ಶುಕ್ರವಾರ ತುಂಬಿದ ಲೋಡು ಹೊತ್ತು ಲಾರಿ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ಅಕ್ಬರ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಾ, ‘ಟರ್ಬೊ ಛಲೋ ಸೀಟಿ ಹೊಡಿಯಾಕತ್ತೈತಿ, ಕೇಳಿದೇನಣ್ಣ?’ ಅಂದ. ‘ಕೇಳಿದೆ’ ಅಂದೆ. ಮೇಲೆ ಹೋದ ಕೂಡಲೇ ಇಂಜಿನ್ ಬಂದ್ ಮಾಡುವಂತಿಲ್ಲ, ದಂಡ ತಣ್ಣಗಾಗಲು ಎರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಆ ಎರಡು ನಿಮಿಷ ನನಗೆ ತಡೆಯಲಾಗಲಿಲ್ಲ. ಇಳಿದು ಲಾರಿಯನ್ನು ನಾಲ್ಕು ಸುತ್ತು ಹಾಕಿದೆ. ಮಾಡಲು ಕೆಲಸವಿಲ್ಲದಿದ್ದರೆ ನಿನ್ನದೇ ನೆನಪು ಬರುತ್ತದೆ.

ಅಳಿಯನಿಗೂ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣಿರಿ. ಹುಲಿಗೆಮ್ಮ ನಿನ್ನ ಮೈಗೆ ಕಸುವು ಕೊಡಲಿ, ಮನಸ್ಸಿಗೂ ಕೊಡಲಿ.

ನಿನ್ನ ಅಪ್ಪ,
ಯಂಕೋಬ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ರಂಜಿತಾ, ನನಗೆ ಕಿವಿ ಕೇಳುವುದಿಲ್ಲ. ಬಲಗಿವಿ ಹೋಗಿ ಎರಡು ವರ್ಷ, ಎಡಗಿವಿಯಲ್ಲಿ ಬರೀ ಗುಂಯ್ ಅನ್ನುತ್ತದೆ. ಶೆಡ್ಡಿನಲ್ಲಿ ಜನರ ತುಟಿ ನೋಡಿ ಉತ್ತರ ಕೊಡುತ್ತೇನೆ. ಅವತ್ತು ನಾನು ಗುಂಡಿಗೆ ಗಟ್ಟಿ ಮಾಡಿ ನಿಂತಿರಲಿಲ್ಲ, ಟರ್ಬೊ ಚೀರಿದ್ದೇ ನನಗೆ ಗೊತ್ತಾಗಲಿಲ್ಲ. ಅಕ್ಬರ ಹೇಳಿದ ಸೀಟಿಯೂ ಕೇಳಿಸಲಿಲ್ಲ. ಇಲ್ಲಿಯ ಲಾರಿಗಳೆಲ್ಲ ನನ್ನ ಕಿವಿ ನಂಬಿ ಬರುತ್ತವೆ, ಇದು ಹೊರಬಿದ್ದರೆ ಶೆಡ್ಡಿಗೆ ಬೀಗ. ಅದಕ್ಕೇ ನಿನ್ನ ಅವ್ವನಿಗೂ ಹೇಳಿಲ್ಲ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ನೀನು ಮಾತು ನಿಲ್ಲಿಸಿದೆ ಅನ್ನಿಸಿದಾಗಲೆಲ್ಲ ‘ಛಲೋ ಆತು ಬಿಡವಾ’ ಅನ್ನುತ್ತಿದ್ದೆ. ಎಷ್ಟೋ ತಿಂಗಳು ಅದರಲ್ಲೇ ನಡೆದುಹೋಯಿತು, ಅವತ್ತೂ ಅದನ್ನೇ ಅಂದೆ. ಮರುದಿನ ನಿನ್ನ ಅವ್ವ ಬೈಯುವಾಗ ಅವಳ ತುಟಿ ನೋಡಿ ನನಗೆ ಕೂಸಿನ ವಿಷಯ ತಿಳಿಯಿತು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕಟುಕ ಅನ್ನಿಸಿಕೊಳ್ಳುವುದೇ ಮೇಲು ಎಂದು ಸುಮ್ಮನಿದ್ದೆ. ನನ್ನ ತಪ್ಪು ಅದು, ಕಿವಿಯದಲ್ಲ.

ಒಮ್ಮೆ ಬಾ ತಾಯಿ. ನನ್ನ ಎದುರಿಗೆ ಕೂತು, ಸಾವಕಾಶವಾಗಿ, ಅದನ್ನು ಇನ್ನೊಮ್ಮೆ ಹೇಳು. ನಿನ್ನ ಜೊತೆ ಕೂತು ನಾನಿನ್ನೂ ಅತ್ತಿಲ್ಲ.