ತಿರುಗದ ಫ್ಯಾನು

ಮಾರ್ಚ್ 4, ಮಂಗಳವಾರ

ಗಾಡಿ ಮತ್ತೆ ಕುದಿಯಿತು. ಅದೇ ಜಾಗ, ಮೇಲ್ಸೇತುವೆ ಹತ್ತುವ ಮೊದಲಿನ ಸಿಗ್ನಲ್. ಓಡುತ್ತಿರುವಾಗ ಏನೂ ತಕರಾರಿಲ್ಲ. ನಿಂತರೆ ಸಾಕು, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತದೆ. ಬದಿಗೆ ಹಾಕಿ ಬಾನೆಟ್ ಎತ್ತಿ ನಿಂತೆ. ಹಿಂದಿದ್ದವನು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂದು, "ಮನೇಲಿ ಗಂಡಸರು ಯಾರೂ ಇಲ್ವಾ?" ಅಂದ. ಇದ್ದಾರೆ. ಇಬ್ಬರು. ಒಬ್ಬರಿಗೆ ಓಡಿಸಲು ಬರುವುದಿಲ್ಲ, ಇನ್ನೊಬ್ಬರಿಗೆ ಕಣ್ಣು ಕಾಣುವುದಿಲ್ಲ.

ಲ್ಯಾಬಿಗೆ ತಡ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲಲ್ಲೇ ನಿಂತಿದ್ದರು. ಹಸಿದವರ ನೋಟವೇ ಬೇರೆ. ಡಾಕ್ಟರಮ್ಮ ಗೋಡೆಯ ಗಡಿಯಾರದ ಕಡೆ ಒಮ್ಮೆ ಕತ್ತೆತ್ತಿದರು ಅಷ್ಟೆ.

ಸಂಜೆ ಗೇಟು ತೆರೆಯುವಾಗಲೇ ಮಾವ ವರಾಂಡದಲ್ಲಿ. ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು, ಜ್ವರ ನೋಡುವ ಹಾಗೆ.

"ಕುದೀತಾ?"

"ಕುದೀತು."

"ಇಷ್ಟು ವರ್ಷ ಓಡಿಸಿದೆ ನಾನು. ಒಂದು ದಿನ ಕುದೀಲಿಲ್ಲ."

ಒಳಗೆ ಹೋದರು. ನಕ್ಕರೋ, ಕೆಮ್ಮಿದರೋ.

ಮಾರ್ಚ್ 6, ಗುರುವಾರ

ಲ್ಯಾಬು ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋದ ಮೇಲೆ ಈ ಗಾಡಿಯೇ ಗತಿ. ಅಷ್ಟು ಬೆಳಿಗ್ಗೆ ಅತ್ತ ಬಸ್ಸಿಲ್ಲ.

ಮಾವ ಕಣ್ಣಿನ ಪೊರೆ ಇಟ್ಟುಕೊಂಡು ಓಡಿಸಿ, ಎದುರುಮನೆಯ ಗೇಟಿನ ಕಂಬಕ್ಕೆ ಗುದ್ದಿದ್ದು ಚಳಿಗಾಲದಲ್ಲಿ. ಆಪರೇಷನ್ ಆಗುವವರೆಗೆ ಸ್ಟೇರಿಂಗ್ ಮುಟ್ಟಬೇಡಿ ಅಂದರು ಕಣ್ಣಿನ ಡಾಕ್ಟರು. ಆಪರೇಷನ್ ಬೇಡ ಅಂದರು ಮಾವ. "ನನ್ನ ಕಣ್ಣು ಸರಿಯಿದೆ, ಅವನ ಕಂಬ ಮುಂದೆ ಬಂದಿದೆ." ಅದರ ಮರುದಿನವೇ ನನ್ನ ಗಂಡ ಗೋಡೆಯ ಮೊಳೆಯಿಂದ ಕೀ ತೆಗೆದು ನನ್ನ ಕೈಗೆ ಕೊಟ್ಟರು. ತಾವು ಓಡಿಸುವುದಿಲ್ಲ. ಕಾಲೇಜಿನಲ್ಲಿದ್ದಾಗ ಕಲಿಯಲು ಕೂತಿದ್ದರಂತೆ, ಕಲಿಸಲು ಕೂತವರು ಅಪ್ಪ. ಎರಡನೇ ದಿನ ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದು ಬಂದರಂತೆ. ಅಂದಿನಿಂದ ಬಸ್ಸು.

ಕೀ ನನ್ನ ಕೈಗೆ ಬಂದ ದಿನದಿಂದ ಮಾವ ನನ್ನ ಮುಖ ನೋಡಿ ಮಾತಾಡುವುದು ಗಾಡಿ ಕೆಟ್ಟಾಗ ಮಾತ್ರ.

ಮಾರ್ಚ್ 9, ಭಾನುವಾರ

ಗ್ಯಾರೇಜಿಗೆ ಹೋಗಿ ಬಂದೆ. ಮೇಸ್ತ್ರಿ ಮಾವನ ಹಳೆ ದೋಸ್ತಿ. ಬಾನೆಟ್ ಎತ್ತಿದ, ನೀರು ಹಾಕಿದ, ಮುಚ್ಚಿದ.

"ಎಂಜಿನ್ ತಂಪು ಮಾಡೋ ಫ್ಯಾನ್ ತಿರುಗೋದೇ ಇಲ್ಲ, ನೋಡಿ," ಅಂದೆ.

"ಫ್ಯಾನಿಗೇನಾಗಿದೆ ಮೇಡಂ? ನೀವು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಿ. ಲೇಡೀಸು ಹಂಗೇ. ಗಾಡಿ ಕಾಯುತ್ತೆ."

ನಾನು ಕ್ಲಚ್ ಮೇಲೆ ಕಾಲಿಡುವುದಿಲ್ಲ. ಹಾಗಂತ ಹೇಳಿದರೆ, "ನಿಮಗೇ ಗೊತ್ತಾಗಲ್ಲ ಅದು," ಎಂದು ಕೈ ಒರೆಸಿಕೊಂಡ. ಮಾವ ನಾನು ಬರುವ ಮೊದಲೇ ಫೋನ್ ಮಾಡಿರಬೇಕು. ಇಬ್ಬರದೂ ಒಂದೇ ಪಾಠ.

ಮಾರ್ಚ್ 14, ಶುಕ್ರವಾರ

ಎಡಗೈಯಲ್ಲಿ ಪುಸ್ತಕ ಹಿಡಿಯಲಾಗದೆ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ.

ಶಾಲೆಯಿಂದ ಮಗಳು ಪುಟ್ಟಿಯನ್ನು ಕರೆತರುವಾಗ ಮಾರ್ಕೆಟ್ ರಸ್ತೆಯಲ್ಲಿ ಜಾಮ್. ಮುಳ್ಳು ಏರಿತು. ಎಂಜಿನ್ನಿನ ಬಿಸಿ ಎಳೆಯಲಿ ಎಂದು ಹೀಟರ್ ಹಾಕಿದೆ, ಕಿಟಕಿ ಇಳಿಸಿದೆ, ಏನು ಮಾಡಿದರೂ ಇಲ್ಲ. ಬದಿಗೆ ಹಾಕಿ ಬಾನೆಟ್ ಎತ್ತಿದ್ದಷ್ಟೇ. ಪೈಪಿನ ಬಾಯಿ ಕಳಚಿ ಕುದಿನೀರು ಚಿಮ್ಮಿತು. ಎಡ ಮುಂಗೈ ಪೂರ್ತಿ. ಪುಟ್ಟಿ ಇಳಿದು ಪಕ್ಕಕ್ಕೆ ಬಂದಿದ್ದಳು. ಅವಳ ಮುಖ ಬಾನೆಟ್ಟಿನ ಎತ್ತರಕ್ಕೇ ಬರುತ್ತದೆ. ಒಂದು ಗೇಣು ಆಚೆ ಬಿತ್ತು ನೀರು.

ಹಣ್ಣಿನಂಗಡಿಯವಳು ಬಕೆಟ್ ನೀರು ತಂದು ಕೈ ಮುಳುಗಿಸಿ ಹಿಡಿದಳು. ಪುಟ್ಟಿ ಅಳಲಿಲ್ಲ. ಮನೆಗೆ ಬಂದು ಸಾಬೂನು ಹಾಕಿ ಮುಖ ತೊಳೆದಳು, ಮತ್ತೆ ಮತ್ತೆ.

ಮಾವ ಕೈ ನೋಡಿದರು. ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಬೊಬ್ಬೆ ನೋಡಿದರು. ಏನೋ ಹೇಳಲು ಬಾಯಿ ತೆರೆದ ಹಾಗಾಯಿತು. ಮುಚ್ಚಿದರು.

ಮಾರ್ಚ್ 15, ಶನಿವಾರ

ಊಟಕ್ಕೆ ಕೂತಾಗ ಮಾವ ತಟ್ಟೆ ನೋಡುತ್ತಾ, "ಗಾಡಿ ಮಾರಿಬಿಡ್ತೀನಿ. ನನ್ನ ಹೆಸರಲ್ಲಿದೆ. ಕೈಲಾಗದವರು ಹಾಳು ಮಾಡೋದಕ್ಕಿಂತ ವಾಸಿ."

ನಾನು ಗಂಡನ ಮುಖ ನೋಡಿದೆ. ಗಂಡ ಉಪ್ಪಿನ ಡಬ್ಬಿ ನೋಡಿದರು.

ಕೋಣೆಗೆ ಬಂದ ಮೇಲೆ, "ಅಪ್ಪ ಅಲ್ವಾ, ಬಿಡು. ಲ್ಯಾಬ್ ಕೆಲಸಾನೇ ಆಗ್ಬೇಕಾ? ಹತ್ರದಲ್ಲಿ ಏನಾದ್ರೂ ನೋಡಿದ್ರಾಯ್ತು," ಅಂದರು.

ಬಿಡು. ಈ ಮನೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು. ನೀರು ಬಿಡು, ಗೇಟು ಬಿಡು, ಅಪ್ಪನ್ನ ಬಿಡು, ಕೆಲಸ ಬಿಡು. ಯಾರೂ ನನ್ನನ್ನು ಬಿಡುವುದಿಲ್ಲ.

ಮಾರ್ಚ್ 23, ಭಾನುವಾರ

ಕೈ ಒಣಗಿದೆ. ವಾರವಿಡೀ ಪಕ್ಕದ ಬೀದಿಯ ನರ್ಸ್ ಸ್ಕೂಟರಿನ ಹಿಂದೆ ಕೂತು ಹೋದೆ. ಅವಳಿಗೆ ನಾಳೆಯಿಂದ ಬೇರೆ ಶಿಫ್ಟ್. ಅಂದಮೇಲೆ ಇವತ್ತೇ.

ತಿಂಡಿ ಮುಗಿಸಿ ಗಾಡಿಯ ಮುಂದೆ ಕೂತೆ. ಕಳಚಿದ್ದ ಪೈಪ್ ಬಿಗಿದು ನೀರು ತುಂಬಿಸಿದೆ. ಲ್ಯಾಬಿನಲ್ಲಿ ರಕ್ತ ತಿರುಗಿಸುವ ಮೆಷಿನ್ ಕೆಟ್ಟರೆ ಕಂಪನಿಯವರು ಬರುವುದು ವಾರಕ್ಕೆ. ಬಿಚ್ಚುವುದು ನಾನೇ. ಇದೂ ಮೋಟಾರೇ ತಾನೆ. ಮೊದಲು ಫ್ಯೂಸ್ ತೆಗೆದೆ, ಸರಿಯಿದೆ. ಫ್ಯಾನಿನ ಪ್ಲಗ್ ಕಿತ್ತು, ಎರಡು ವೈರ್ ಹಿಡಿದು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದೆ. ಗುಂಯ್ ಅಂತ ತಿರುಗಿತು. ಎಷ್ಟು ಚೆನ್ನಾಗಿ ತಿರುಗಿತೆಂದರೆ ನಗು ಬಂತು. ಮೋಟಾರ್ ಸರಿ, ಫ್ಯೂಸ್ ಸರಿ. ಎರಡನ್ನೂ ಮತ್ತೆ ಅದರದರ ಜಾಗಕ್ಕೆ ಸಿಕ್ಕಿಸಿದೆ. ಹಾಗಾದರೆ ಕರೆಂಟ್ ಎಲ್ಲಿ ನಿಂತಿತು?

ರೇಡಿಯೇಟರಿನ ಬುಡದಲ್ಲಿ ಒಂದು ಸ್ವಿಚ್ ಇರುತ್ತದೆ. ನೀರು ಕಾದರೆ ತಾನಾಗಿ ಫ್ಯಾನ್ ಹಾಕುವಂಥದ್ದು. ಕೈ ಹಾಕಿದರೆ, ಅದಕ್ಕೆ ವೈರೇ ಇಲ್ಲ. ಕಿತ್ತಿದ್ದಾರೆ. ಕಿತ್ತ ವೈರಿಗೆ ಬೇರೆ ಬಣ್ಣದ ವೈರ್ ಗಂಟು ಹಾಕಿ, ಮೇಲೆ ಟೇಪ್. ಹಳೆಯ ಟೇಪ್, ಅಂಟು ಕರಗಿ ಕಪ್ಪಾಗಿದೆ. ಆ ವೈರ್ ಹಿಡಿದು ಹೋದೆ. ಬ್ಯಾಟರಿಯ ಹಿಂದೆ, ತೂತಿನೊಳಗೆ, ಡ್ಯಾಶ್‌ಬೋರ್ಡಿನ ಕೆಳಗೆ. ಚಾಪೆ ಎತ್ತಿ, ಅಂಗಾತ ಮಲಗಿ, ಸ್ಟೇರಿಂಗಿನ ಅಡಿ ತಡಕಿದೆ. ಬೆರಳಿಗೆ ಸಿಕ್ಕಿತು. ಮನೆಯ ಗೋಡೆಗೆ ಹಾಕುವಂಥ ಸಣ್ಣ ಸ್ವಿಚ್.

ಒತ್ತಿದೆ. ಮುಂದೆ ಫ್ಯಾನ್ ತಿರುಗಿತು.

ಆರಿಸಿ ಇನ್ನೊಮ್ಮೆ ಒತ್ತಿದೆ, ಮತ್ತೆ ತಿರುಗಿತು.

ಎದ್ದಾಗ ವರಾಂಡದ ಮೆಟ್ಟಿಲಲ್ಲಿ ಮಾವ. ಫ್ಯಾನಿನ ಸದ್ದು ಅವರಿಗೂ ಕೇಳಿಸಿತ್ತು.

"ಇದೇನು ಮಾವ?"

"ಸ್ವಿಚ್ಚು."

"ಯಾವುದರದು?"

"ಒತ್ತಿ ನೋಡಿದ್ಯಲ್ಲ. ಮತ್ಯಾಕೆ ಕೇಳ್ತೀಯ? ಅದರ ಒರಿಜಿನಲ್ ಸ್ವಿಚ್ಚು ಸತ್ತು ಕಾಲ ಆಯ್ತು. ಸಿಗ್ನಲ್ ಬಂದ್ರೆ ಒತ್ತಬೇಕು, ಬಿಟ್ಟ ಮೇಲೆ ಆರಿಸ್ಬೇಕು. ಅಷ್ಟೇ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಕೆಳಗಿಟ್ಟೆ. ಇಡುವುದು ಒಳ್ಳೆಯದು ಅನ್ನಿಸಿತು.

"ಕೀ ಇಸ್ಕೊಂಡಾಗ ನನ್ನ ಯಾರಾದ್ರೂ ಕೇಳಿದ್ರಾ? ಇಲ್ಲೇ ಕೂತಿದ್ದೆ. ಮೊಳೆಯಿಂದ ತೆಗೆದ, ನಿನಗೆ ಕೊಟ್ಟ. ಸತ್ತವರ ಸಾಮಾನು ಹಂಚಿದ ಹಾಗೆ."

"ನನ್ನ ಕೈ ಸುಟ್ಟಿತು ಮಾವ."

"ಕಾದ ಗಾಡಿ ಬಾನೆಟ್ಟು ಹಾಗೆ ಎತ್ತಬಾರದು."

"ಪುಟ್ಟಿ ಪಕ್ಕದಲ್ಲಿದ್ಲು."

ಮಾವ ಬೆನ್ನು ತಿರುಗಿಸಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೆ ಬರಲಿಲ್ಲ. ಕರೆಯಲು ನಾನು ಹೋಗಲಿಲ್ಲ.

ಮಾರ್ಚ್ 24, ಸೋಮವಾರ

ಗಂಡನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಮರೆತಿರಬಹುದು. ವಯಸ್ಸಾಯ್ತಲ್ಲ," ಅಂದರು.

"ಮರೆತಿಲ್ಲ. ಅವರೇ ಹೇಳಿದ್ರು."

"ಹಾಗಾದ್ರೆ ಈಗ ಏನ್ ಮಾಡು ಅಂತೀಯ?"

"ಏನೂ ಬೇಡ. ಮಲ್ಕೊಳ್ಳಿ."

ಹೇಳಿದ ತಕ್ಷಣ ಮಲಗಿದರು ಪುಣ್ಯಾತ್ಮ.

ಮಾರ್ಚ್ 30, ಭಾನುವಾರ

ಮಾವನ ಸ್ವಿಚ್ ಒತ್ತಿಕೊಂಡು ವಾರ ಓಡಿಸಿದೆ. ಒಮ್ಮೆಯೂ ಕುದಿಯಲಿಲ್ಲ. ಆದರೆ ಪ್ರತಿ ಸಿಗ್ನಲ್ಲಿನಲ್ಲೂ ಸ್ಟೇರಿಂಗಿನ ಕೆಳಗೆ ಕೈ ಹಾಕುವಾಗ ಅವರ ಕಾಲು ಮುಟ್ಟಿದ ಹಾಗೆ. ಬೇಡ. ರೇಡಿಯೇಟರಿಗೇ ಹೊಸ ಸ್ವಿಚ್ ತಂದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಬಾನೆಟ್ಟಿನೊಳಗೆ ಬಗ್ಗಿ ಹಳೆಯದನ್ನು ನೋಡಿ, ಧೂಳು ಹಿಡಿದ ಡಬ್ಬಿಯಿಂದ ಅಂಥದ್ದೇ ತೆಗೆದುಕೊಟ್ಟ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ನೀರನ್ನು ಬಕೆಟ್ಟಿಗೆ ಇಳಿಸಿದೆ. ತುಕ್ಕಿನ ಬಣ್ಣ. ಹಳೇ ಸ್ವಿಚ್ ಬಿಡಲೊಲ್ಲದು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ, ಕಾಲು ಗೋಡೆಗೆ ಕೊಟ್ಟು ಎಳೆದೆ. ಸುಟ್ಟ ಕೈಯ ಹೊಸ ಚರ್ಮ ಒಂದು ಕಡೆ ಬಿರಿಯಿತು. ಬಿಟ್ಟಿತು. ಹೊಸ ವಾಷರ್, ಹೊಸ ಸ್ವಿಚ್. ಗಂಟು ಹಾಕಿದ ವೈರನ್ನು ಕತ್ತರಿಸಿ, ಕಂಪನಿಯ ವೈರನ್ನು ಅದರ ಜಾಗಕ್ಕೆ ಸೇರಿಸಿದೆ. ಡ್ಯಾಶ್‌ಬೋರ್ಡಿನ ಕೆಳಗಿನದನ್ನು ಬುಡ ಸಮೇತ ಕಿತ್ತೆ. ಹೊಸ ನೀರು, ಗಾಳಿ ಹೋಗುವವರೆಗೆ ಕಾದು ಮತ್ತೆ ನೀರು. ಎಂಜಿನ್ ಹಚ್ಚಿ ಬಿಟ್ಟೆ. ಮುಳ್ಳು ಏರಿತು... ಏರಿತು... ಅರ್ಧ ದಾಟಿತು. ಆರಿಸೋಣ ಎಂದು ಕೀಗೆ ಕೈ ಹಾಕುವಷ್ಟರಲ್ಲಿ ಗುಂಯ್. ತಾನಾಗಿ. ಮುಳ್ಳು ಇಳಿಯಿತು, ಫ್ಯಾನ್ ನಿಂತಿತು.

ಕೀ ತೆಗೆದು ಬಾನೆಟ್ ಮುಚ್ಚಲು ಹೋದೆ, ಮತ್ತೆ ತಿರುಗಿತು. ಬೆಚ್ಚಿಬಿದ್ದೆ. ಇದು ಬ್ಯಾಟರಿಯಿಂದ ನೇರ ಬರುವ ಲೈನು, ಕೀ ಇರಲಿ ಬಿಡಲಿ. ಗಾಡಿ ಆರಿಸಿದ ಮೇಲೂ ನೀರು ಕಾದಿದ್ದರೆ ತಿರುಗುತ್ತದೆ. ಪುಟ್ಟಿಯನ್ನು ಕರೆದು ಹೇಳಿದೆ: ಬಾನೆಟ್ ತೆರೆದಿದ್ದರೆ ಹತ್ತಿರ ಬರಬಾರದು. ಗಂಡನಿಗೂ ಹೇಳಿದೆ.

ಏಪ್ರಿಲ್ 2, ಬುಧವಾರ

ಇದನ್ನು ಇದ್ದ ಹಾಗೇ ಬರೆಯಬೇಕು.

ಸಂಜೆ ಬಂದೆ. ಗಾಡಿ ನಿಲ್ಲಿಸಿ ಇಳಿದು ಗೇಟು ಹಾಕಲು ಹೋದೆ. ಹಿಂದೆ ಬಾನೆಟ್ ಎತ್ತಿದ ಸದ್ದು. ಮಾವ. ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಬಂದಿದ್ದರು. ಕಣ್ಣು ಸಾಲದ್ದಕ್ಕೆ ಮುಖವನ್ನು ಒಳಗೇ ತೂರಿಸಿ, ಬೆರಳಿನಿಂದ ಫ್ಯಾನಿನ ರೆಕ್ಕೆ ತಿರುಗಿಸಿ ನೋಡುತ್ತಿದ್ದರು. ಅವರ ಕಾಲದಲ್ಲಿ ಸ್ವಿಚ್ ಒತ್ತದೆ ಅದು ತಿರುಗುತ್ತಿರಲಿಲ್ಲ. ಎಂಜಿನ್ ಕಾದಿತ್ತು. ದಾರಿಯುದ್ದಕ್ಕೂ ಜಾಮ್.

ನಾನು ನೋಡಿದೆ. ನನಗೆ ಗೊತ್ತಿತ್ತು. ಗೇಟಿನ ಚಿಲಕ ಕೈಯಲ್ಲಿ ಹಿಡಿದು ನಿಂತೆ. ಎಷ್ಟು ಹೊತ್ತು? ಒಂದು ಉಸಿರು. ಆ ಉಸಿರಿನಲ್ಲಿ ನಾನು ಪುಟ್ಟಿಯ ಮುಖ ನೆನೆಯಲಿಲ್ಲ, ನನ್ನ ಕೈ ನೆನೆಯಲಿಲ್ಲ. ಏನೂ ನೆನೆಯಲಿಲ್ಲ. ಸುಮ್ಮನೆ, ನೋಡೋಣ ಅಂತ ನಿಂತಿದ್ದೆ.

ಆಮೇಲೆ, "ಕೈ ತೆಗೀರಿ" ಅಂತ ಕಿರುಚಿದೆ.

ಅವರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. ಫ್ಯಾನ್ ಹೊರಟಿತು. ತೋರುಬೆರಳಿನ ತುದಿ ಸಿಕ್ಕಿತು. ಉಗುರು ಅರ್ಧ ಹೋಗಿ ರಕ್ತ.

ಕೂರಿಸಿ, ತೊಳೆದು, ಪಟ್ಟಿ ಕಟ್ಟಿದೆ. ರಕ್ತ ನೋಡುವುದೇ ನನ್ನ ಕೆಲಸ, ಆದರೂ ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಿದೆ.

"ಇನ್ನು ತಾನಾಗಿ ತಿರುಗುತ್ತಾ ಅದು?"

"ಹೂಂ."

"ಕೀ ಇಲ್ದೇನೇ?"

"ಕೀ ಇಲ್ದೇನೇ. ನಿಮಗೆ ಹೇಳಿರಲಿಲ್ಲ. ಬೇರೆ ಎಲ್ಲರಿಗೂ ಹೇಳಿದ್ದೆ."

ಪಟ್ಟಿಯ ಗಂಟನ್ನು ಕಣ್ಣಿನ ಹತ್ತಿರ ತಂದು ನೋಡಿದರು.

"ಗೇಟ್ ಹತ್ರ ನಿಂತಿದ್ದೆ ನೀನು. ಚಿಲಕದ ಸದ್ದು ನಿಂತಿತ್ತು. ಕಣ್ಣು ಹೋದವನಿಗೆ ಕಿವಿ ಇರುತ್ತೆ."

ಹತ್ತಿ, ಡೆಟಾಲು ಎಲ್ಲ ಎತ್ತಿಟ್ಟೆ.

ಏಪ್ರಿಲ್ 3, ಗುರುವಾರ

ಗಂಡ ಕೇಳಿದರು, ಬೆರಳಿಗೆ ಏನಾಯಿತು ಅಂತ. ಮಾವ, "ಬಾಗಿಲಿಗೆ ಸಿಕ್ತು," ಅಂದರು.

ಅದು ನನಗಾಗಿ ಅಲ್ಲ. ತಾನು ಕೈ ಹಾಕಿ ಪೆಟ್ಟು ತಿಂದೆ ಎಂದು ಮಗನಿಗೆ ಹೇಳುವ ಜನ್ಮ ಅಲ್ಲ ಅದು. ಅಷ್ಟೇ. ಹಾಗೆಂದೇ ಇಟ್ಟುಕೊಳ್ಳುತ್ತೇನೆ.

ಏಪ್ರಿಲ್ 19, ಶನಿವಾರ

ಮಾವ ಆಪರೇಷನ್‌ಗೆ ಒಪ್ಪಿದ್ದಾರೆ. ನನ್ನ ಹತ್ತಿರ ಹೇಳಲಿಲ್ಲ. ಪುಟ್ಟಿಯ ಹತ್ತಿರ ಹೇಳಿ ಕಳಿಸಿದರು: "ಸೋಮವಾರ ನಿಮ್ಮಮ್ಮಂಗೆ ರಜ ಹಾಕೋಕೆ ಹೇಳು. ಆಟೋದವನು ಗುಂಡಿ ನೋಡಲ್ಲ." ನಾನೂ ಪುಟ್ಟಿಯ ಹತ್ತಿರವೇ ಹೇಳಿ ಕಳಿಸಿದೆ, ಹಾಕಿದ್ದೇನೆ ಅಂತ. ಪಾಪ, ಮಗು ಎರಡು ದೇಶಗಳ ನಡುವಿನ ರಾಯಭಾರಿ.

ಮಾರುವ ಮಾತು ಮತ್ತೆ ಬಂದಿಲ್ಲ. ಕ್ಷಮೆಯ ಮಾತೂ. ಎರಡೂ ಕಡೆಯಿಂದ.

ಏಪ್ರಿಲ್ 21, ಸೋಮವಾರ, ಬೆಳಿಗ್ಗೆ

ಗಂಡ ಆಫೀಸಿಗೆ ಹೋದರು, ಮಧ್ಯಾಹ್ನ ಆಸ್ಪತ್ರೆಗೇ ಬರುತ್ತಾರಂತೆ. ಫೈಲು, ನೀರು, ಕಪ್ಪು ಕನ್ನಡಕ, ಎಲ್ಲ ಚೀಲಕ್ಕೆ ಹಾಕಿದೆ.

ಮಾವ ಕೋಣೆಯಲ್ಲಿಲ್ಲ. ಬಚ್ಚಲಲ್ಲೂ ಇಲ್ಲ. ಕಿಟಕಿಯಿಂದ ನೋಡಿದೆ. ಆಗಲೇ ಗಾಡಿಯಲ್ಲಿ ಕೂತಿದ್ದಾರೆ. ಇಸ್ತ್ರಿ ಮಾಡಿದ ಶರ್ಟು. ಡ್ರೈವರ್ ಸೀಟಿನಲ್ಲಿ. ಎರಡೂ ಕೈ ಸ್ಟೇರಿಂಗಿನ ಮೇಲೆ, ಪಟ್ಟಿ ಬಿಚ್ಚಿದ ಬೆರಳು ಮೇಲೆತ್ತಿ. ಎದುರುಮನೆಯ ಕಂಬ ನೋಡುತ್ತಿದ್ದಾರೆ, ಅಥವಾ ಕಾಣದ್ದರಿಂದ ಸುಮ್ಮನೆ ಆ ಕಡೆ.

ಕೀ ನನ್ನ ಹತ್ತಿರ ಇದೆ. ಅದು ಅವರಿಗೂ ಗೊತ್ತು. ಹೊತ್ತಾಗುತ್ತಿದೆ, ಹೊರಡಬೇಕು. ಬಾಗಿಲು ತೆರೆದು ಏನು ಅನ್ನುವುದು... ಸರೀರಿ ಅನ್ನಲೇ, ಇಳೀರಿ ಅನ್ನಲೇ. ಅಥವಾ ಏನೂ ಅನ್ನದೆ ಆ ಕಡೆ ಹೋಗಿ, ಪಕ್ಕದ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂರಲೇ.