ಮೂವತ್ತೆರಡನೆಯ ಹಸು

ಅಣ್ಣಾ,

ನೀನು ಭಾಗವಹಿಸುವ ಭಾನುವಾರದ ಸೈಕಲ್ ಪಂದ್ಯಕ್ಕೆ ದಾರಿ ಗುರುತು ಮಾಡಿ ಮುಗಿಸಿದೆ. ಆರಿಹೋದ ಜ್ವಾಲಾಮುಖಿಯ ಅಂಚಿನಿಂದ ಕೆಳಗಿನ ಹುಲ್ಲುಗಾವಲಿನವರೆಗೆ ಬರೀ ಕೆಂಪು ಜಲ್ಲಿಯ ಇಳಿಜಾರು. ನಿನ್ನಂಥವರು ಬ್ರೇಕು ಹಿಡಿದೇ ಇಳಿಯಬೇಕು.

ಹುಲ್ಲುಗಾವಲು ಚೀಸು ಮಾಡುವ ಮಾರ್ಸೆಲಿನ್ ಎಂಬ ಹೆಂಗಸಿನದು. ಪಂದ್ಯ ಅಲ್ಲಿ ಹಾದುಹೋಗಲು ಮೊದಲು ಆಕೆ ಒಪ್ಪಲೇ ಇಲ್ಲ.

“ನಿಮ್ಮ ಸೈಕಲ್ಲು ಸದ್ದೇ ಮಾಡಲ್ಲ ಕಣೇ. ನನ್ನ ಹಸುಗಳು ಬೆಚ್ಚಿಬಿದ್ರೆ ಸಂಜೆ ಹಾಲೇ ಬಿಡಲ್ಲ,” ಎಂದಳು. ತನ್ನ ಮೂವತ್ತೊಂದು ಹಸುಗಳ ಕೊರಳಲ್ಲಿರುವಂಥದೇ ಗಂಟೆಯೊಂದನ್ನು ನನ್ನ ಸೈಕಲ್ಲಿಗೆ ಕಟ್ಟಿದಳು. “ಇಳಿದು ತೋರಿಸು. ಆಮೇಲೆ ನೋಡೋಣ.”

ಇಳಿದೆ. ಒಂದು ಹಸುವೂ ತಲೆಯೆತ್ತಲಿಲ್ಲ. ಆದರೆ ಅದು ಹಾಲು ಕರೆಯುವ ಹೊತ್ತು. ಹಸುಗಳನ್ನು ಅಟ್ಟಿ ತರುವ ಆಕೆಯ ನಾಯಿ ಗಂಟೆಯ ಸದ್ದು ಕೇಳಿ ನನ್ನನ್ನೂ ಹಿಂಡಿಗೆ ಸೇರಿಸಿಕೊಂಡು, ಬೊಗಳುತ್ತ ಅಟ್ಟಿ, ಸೈಕಲ್ ಸಮೇತ ಬೇಲಿಯೊಳಗೆ ತಂದು ನಿಲ್ಲಿಸಿತು. ಬಕೆಟ್ಟು ಹಿಡಿದು ಬಂದ ಮಾರ್ಸೆಲಿನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇದನ್ನ ಎಲ್ಲಿಂದ ಕರೆಯೋದು,” ಎಂದಳು. ಬರುವವರೆಲ್ಲ ಗಂಟೆ ಕಟ್ಟಿಕೊಂಡು ಬರಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆಯನ್ನೂ ಕೊಟ್ಟಳು.

ಮೊಣಕೈ ಸ್ವಲ್ಪ ತರಚಿದೆ, ಅಮ್ಮನಿಗೆ ಹೇಳಬೇಡ. ದಿನಾ ಆಲೂಗಡ್ಡೆ, ಚೀಸು ತಿಂದು ದಪ್ಪಗಾಗಿದ್ದೇನೆ.

ನಾನು ಯಾವಾಗಲೂ ಎಲ್ಲರಿಗಿಂತ ಹಿಂದೆ ಉಳಿಯುವವಳು ಎನ್ನುತ್ತಿದ್ದೆಯಲ್ಲ? ಆ ನಾಯಿ ಹಿಂದೆ ಉಳಿದವರ ಕಾಲಿಗೇ ಬಾಯಿ ಹಾಕುವುದು. ನನ್ನ ಹಿಮ್ಮಡಿಯ ಮೇಲೆ ಒಂದು ಗೀರೂ ಇಲ್ಲ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಭಾನುವಾರ ನೀನು ದಪ್ಪ ಕಾಲುಚೀಲ ಹಾಕಿಕೊಂಡು ಬಾ.

ತಂಗಿ ಓಡಿಲ್